ವಿತಂಡ

‘ವಿತಂಡವಾದ ಮಾಡಬೇಡ’ ಎಂದು ಹಿರಿಯರು ಗದರಿದರೆ ಅದರರ್ಥ ಇಷ್ಟೇ: ಹಟ ಬಿಡು, ಮೊಂಡುಮಾತು ಸಾಕು. ಇಂದಿನ ಕನ್ನಡದಲ್ಲಿ ವಿತಂಡಕ್ಕೂ ಮೊಂಡುತನಕ್ಕೂ ಅಂತರ ಉಳಿದಿಲ್ಲ. ತರ್ಕಶಾಸ್ತ್ರದಲ್ಲಿ ಮಾತ್ರ ಈ ಪದಕ್ಕೆ ಅಳೆದು ತೂಗಿದ ಅರ್ಥವಿತ್ತು.

ಮೂಲ ಸಂಸ್ಕೃತರೂಪ ‘ವಿತಂಡಾ’. ‘ತಂಡ್’ ಧಾತುವಿಗೆ ಹೊಡೆಯುವುದು ಎಂದರ್ಥ. ಎದುರಾಳಿಯ ಪಕ್ಷವನ್ನು ಹೊಡೆದುಹಾಕುವುದೇ ವಿತಂಡ. ಗೌತಮನ ನ್ಯಾಯಸೂತ್ರ ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ. ನಿಜ ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ಜಲ್ಪದಿಂದ ಸ್ವಂತ ಪಕ್ಷವನ್ನು ಸ್ಥಾಪಿಸುವ ಹೊಣೆಯನ್ನು ತೆಗೆದರೆ ಉಳಿಯುವುದು ವಿತಂಡ. ನಮ್ಮ ‘ವಿತಂಡವಾದ’ ಎಂಬ ಜೋಡುಪದವನ್ನು ಗೌತಮ ಒಪ್ಪುತ್ತಿರಲಿಲ್ಲವೇನೋ. ಅವನ ಲೆಕ್ಕದಲ್ಲಿ ವಾದವೇ ಬೇರೆ, ವಿತಂಡವೇ ಬೇರೆ.

ವೈದ್ಯರಿಗೂ ಈ ಪದ ಬೇಕಾಗಿತ್ತು. ವೈದ್ಯರ ನಡುವಿನ ಚರ್ಚೆಗೆ ನಿಯಮ ಹಾಕುವ ಚರಕಸಂಹಿತೆಯ ವಿಮಾನಸ್ಥಾನ, ಪರಪಕ್ಷದ ದೋಷ ಎತ್ತಿ ತೋರಿಸುವುದಷ್ಟೇ ವಿತಂಡ ಎನ್ನುತ್ತದೆ. 12ನೆಯ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ನೈಯಾಯಿಕರ ಲಕ್ಷಣಗಳನ್ನು ಒಂದೊಂದಾಗಿ ಒಡೆದದ್ದೂ ಇದೇ ಹತಾರದಿಂದ. ಆಗಿನ್ನೂ ಅದು ಬರಿಯ ಬೈಗುಳವಲ್ಲ. ನ್ಯಾಯಸೂತ್ರ ಅದಕ್ಕೊಂದು ಕೆಲಸವನ್ನೂ ಕೊಟ್ಟಿದೆ: ಮೊಳಕೆಗೆ ಮುಳ್ಳುಕೊಂಬೆಯ ಬೇಲಿ ಹೇಗೋ, ಕಂಡುಕೊಂಡ ತತ್ತ್ವಕ್ಕೆ ಜಲ್ಪ, ವಿತಂಡಗಳು ಹಾಗೆ.

ಈ ಹಳೆಯ ಅರ್ಥಕ್ಕೆ ಚಾಚೂ ತಪ್ಪದೆ ಹೊಂದುವ ಪ್ರಕರಣ 20ನೆಯ ಶತಮಾನದ ಅಮೆರಿಕದ್ದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರ ಅಧ್ಯಯನಗಳು ತೋರಿಸಿದ್ದವು. 1953ರ ಡಿಸೆಂಬರಿನಲ್ಲಿ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು. ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರಸಂಸ್ಥೆಯನ್ನು ಹಿಡಿದರು. ಮರುತಿಂಗಳೇ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು, ಜೊತೆಗೆ ಕಂಪನಿಗಳದೇ ಹಣದ ಸಂಶೋಧನಾ ಸಮಿತಿ. ಅದರ ವೈಜ್ಞಾನಿಕ ನಿರ್ದೇಶಕರಾಗಿ ಬಂದ ಕ್ಲಾರೆನ್ಸ್ ಕುಕ್ ಲಿಟಲ್ ಹೆಸರಾಂತ ತಳಿವಿಜ್ಞಾನಿ, ಹಿಂದೆ ಮಿಶಿಗನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. ಹಾಗಾದರೆ ಕ್ಯಾನ್ಸರಿಗೆ ಕಾರಣ ಯಾವುದು ಎಂದು ಸಮಿತಿ ಸಾಧಿಸಿ ತೋರಿಸಬೇಕಿರಲಿಲ್ಲ. ಇನ್ನೂ ರುಜುವಾತಾಗಿಲ್ಲ, ಇನ್ನಷ್ಟು ಸಂಶೋಧನೆ ಆಗಲಿ ಎನ್ನುತ್ತಿದ್ದರೆ ಸಾಕಿತ್ತು. 1964ರಲ್ಲಿ ಅಲ್ಲಿನ ಸರ್ಜನ್ ಜನರಲ್ ವರದಿ ಸಿಗರೇಟನ್ನೇ ಕಾರಣವೆಂದು ಹೇಳಿದ ಮೇಲೂ ಈ ಪಲ್ಲವಿ ನಿಲ್ಲಲಿಲ್ಲ. ನಾವು ಮಾರುವ ಸರಕು ಸಂದೇಹ ಎಂದು ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ 1969ರ ಒಳಟಿಪ್ಪಣಿಯೊಂದು ಮುಚ್ಚುಮರೆಯಿಲ್ಲದೆ ಬರೆದುಕೊಂಡಿತು.

ಹಳೆಯ ಸಭೆಯಲ್ಲಿ ವೈತಂಡಿಕನೂ ಸೋಲಬಹುದಿತ್ತು. ನ್ಯಾಯಸೂತ್ರ ಪಟ್ಟಿಮಾಡಿದ 22 ನಿಗ್ರಹಸ್ಥಾನಗಳಲ್ಲಿ ಒಂದಕ್ಕೆ ಸಿಕ್ಕಿಬಿದ್ದರೆ ಆಟ ಮುಗಿಯಿತು. ಸಂಬಳದ ವಿತಂಡಕ್ಕೆ ಮುಗಿಯುವುದೇ ಬೇಡ. ‘ತಜ್ಞರಲ್ಲೇ ಒಮ್ಮತವಿಲ್ಲ’ ಎಂದು ಜನ ನಂಬಿರುವಷ್ಟು ದಿನ ಸಿಗರೇಟು ಮಾರಾಟವಾಗುತ್ತದೆ. ಲಿಟಲ್ ಅವರ ಸಮಿತಿ ಹೆಸರು ಬದಲಿಸಿಕೊಂಡು 1990ರ ದಶಕದ ಕೊನೆಯವರೆಗೂ ಬಾಳಿತು.

ದನಿ ಏರಿಸಿ ಹಟ ಹಿಡಿದವನನ್ನು ನಾವು ವಿತಂಡವಾದಿ ಎನ್ನುತ್ತೇವೆ. ಪದವಿಗಳ ಸಮೇತ ಮೆಲ್ಲಗೆ ಮಾತಾಡುವವನನ್ನು ಎನ್ನುವುದಿಲ್ಲ. ಗೌತಮನ ಲಕ್ಷಣ ದನಿಯನ್ನು ಲೆಕ್ಕಕ್ಕಿಡದೆ, ‘ಅದು ಸುಳ್ಳಾದರೆ ನಿನ್ನ ಪಕ್ಷ ಯಾವುದು?’ ಎಂದು ಕೇಳುತ್ತದೆ. ಪಕ್ಷವಿಲ್ಲದ್ದೇ ತಪ್ಪಲ್ಲ, ಬರಿಯ ಖಂಡನೆಯೂ ವಿಜ್ಞಾನಕ್ಕೆ ಬೇಕು. ಆದರೆ ಮುಳ್ಳಿನ ಬೇಲಿ ಕಂಡಾಗ ಒಳಗಿನ ಪೈರು ಯಾರದು, ಬೇಲಿಯ ಕೂಲಿ ಕೊಟ್ಟವರು ಯಾರು ಎಂದು ವಿಚಾರಿಸಬೇಕು. ಎದ್ದು ಹೊಲ ಮೇಯುವ ಬೇಲಿಯ ಗಾದೆ ಕನ್ನಡಿಗರಿಗೆ ಹೊಸದೇನಲ್ಲ.