ಫೆನ್ರಿರ್
ನಾರ್ಸ್ ಪುರಾಣದ ಮಹಾ ತೋಳ, ಲೋಕಿಯ ಮಗ. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ರಚಿಸಿದ ‘ಗದ್ಯ ಎಡ್ಡಾ’ದಲ್ಲಿ ಇದರ ಕಥೆ ವಿಸ್ತಾರವಾಗಿದೆ. ದೇವತೆಗಳು ತೊಡಿಸಿದ ಎರಡು ಸಂಕೋಲೆಗಳನ್ನು ತೋಳ ಮುರಿದೊಗೆಯಿತು. ಆಗ ಕುಬ್ಜರು ಬೆಕ್ಕಿನ ಹೆಜ್ಜೆಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಎಂಜಲು ಸೇರಿಸಿ ರೇಷ್ಮೆಯಂತೆ ನುಣುಪಾದ ಪಟ್ಟಿಯೊಂದನ್ನು ಮಾಡಿಕೊಟ್ಟರು. ಅನುಮಾನಗೊಂಡ ತೋಳ, ಮತ್ತೆ ಬಿಡಿಸುವ ಮಾತಿಗೆ ಒತ್ತೆಯಾಗಿ ಯಾರಾದರೂ ತನ್ನ ಬಾಯಲ್ಲಿ ಕೈಯಿಟ್ಟರಷ್ಟೇ ಕಟ್ಟಿಸಿಕೊಳ್ಳುವೆನೆಂದಿತು. ಮುಂದೆ ಬಂದವನು ಟ್ಯೂರ್ ದೇವನೊಬ್ಬನೇ; ಕಟ್ಟು ಬಿಗಿಯಿತು, ಅವನ ಬಲಗೈ ಹೋಯಿತು. ಕೊಟ್ಟ ಮಾತು ಮುರಿದದ್ದಕ್ಕೆ ದೇವರೂ ಬೆಲೆ ತೆರಬೇಕಾದ ಈ ನಿಷ್ಠುರತೆಯೇ ನಾರ್ಸ್ ಕಥೆಗಳ ಮಾಸದ ಸೆಳೆತ. ಲೋಕಾಂತ್ಯದ ರಾಗ್ನರೋಕ್‌ನಲ್ಲಿ ಬಿಡಿಸಿಕೊಂಡ ಫೆನ್ರಿರ್ ದೇವತೆಗಳ ಒಡೆಯ ಓಡಿನ್‌ನನ್ನೇ ನುಂಗುತ್ತದೆ. ಅವನ ಮಗ ವಿದಾರ್ ತೋಳದ ದವಡೆ ಸೀಳಿ ಸೇಡು ತೀರಿಸಿಕೊಳ್ಳುತ್ತಾನೆ. ಮ್ಯಾನ್ ದ್ವೀಪದ ಥೋರ್ವಾಲ್ಡ್ ಶಿಲುಬೆಗಲ್ಲಿನಲ್ಲಿ ತೋಳದ ಬಾಯಿಗೆ ಕಾಲು ಸಿಕ್ಕಿದ ವ್ಯಕ್ತಿಯ ಕೆತ್ತನೆಯನ್ನು ವಿದ್ವಾಂಸರು ಓಡಿನ್ ಎಂದೇ ಗುರುತಿಸುತ್ತಾರೆ.