ಲ್ಯಾಪ್‌ಟಾಪ್ ಪರದೆಯಿಂದ ನೇರವಾಗಿ ಇ-ಮೇಲ್ ತೆರೆಯುವ ವಿಧಾನ: ಶಾರ್ಟ್‌ಕಟ್ ರಚನೆ ಮತ್ತು ಸುರಕ್ಷಿತ ಬಳಕೆ

ಪೀಠಿಕೆ

ಕೃಷಿಗೆ ಸಂಬಂಧಿಸಿದ ಪತ್ರವ್ಯವಹಾರದ ಬಹುಭಾಗ ಇಂದು ಇ-ಮೇಲ್ ಮೂಲಕ ನಡೆಯುತ್ತಿದೆ. ಬ್ಯಾಂಕಿನ ಸಾಲದ ಪತ್ರ, ಬೀಜ ಮತ್ತು ಯಂತ್ರೋಪಕರಣಗಳ ರಸೀದಿ, ರೈತ ಉತ್ಪಾದಕ ಸಂಸ್ಥೆಗಳ ಲೆಕ್ಕಪರಿಶೋಧನೆಯ ಸೂಚನೆ, ತರಬೇತಿಯ ಆಹ್ವಾನ ಮೊದಲಾದವು ಈ ದಾರಿಯಲ್ಲಿಯೇ ಬರುತ್ತವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಅನೇಕ ಕೃಷಿಕ ಕುಟುಂಬಗಳಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದ ಲ್ಯಾಪ್‌ಟಾಪ್ ಇರುತ್ತದೆ. ಆದರೂ ಇ-ಮೇಲ್ ನೋಡಲು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗುವ ರೂಢಿ ಉಳಿದಿದೆ. ಇದರಿಂದ ಗಡುವುಳ್ಳ ಪತ್ರಗಳು ದಿನ ಕಳೆದ ಮೇಲೆ ಕಣ್ಣಿಗೆ ಬೀಳುತ್ತವೆ. ಪಾಸ್‌ವರ್ಡ್ ಕೂಡ ಪರರ ಪಾಲಾಗುತ್ತದೆ.

ಲ್ಯಾಪ್‌ಟಾಪ್‌ನ ಮುಖ್ಯ ಪರದೆಯಲ್ಲಿ, ಅಂದರೆ ಡೆಸ್ಕ್‌ಟಾಪ್‌ನಲ್ಲಿ, ಇ-ಮೇಲ್‌ಗೆ ಒಂದು ಚಿಹ್ನೆಯನ್ನು ಇರಿಸಿಕೊಂಡರೆ ಎರಡು ಬಾರಿ ಕ್ಲಿಕ್ ಮಾಡಿದೊಡನೆ ಅಂಚೆಪೆಟ್ಟಿಗೆ ತೆರೆದುಕೊಳ್ಳುತ್ತದೆ. ಇದನ್ನು ಶಾರ್ಟ್‌ಕಟ್ ಎನ್ನುತ್ತಾರೆ. ಇದನ್ನು ರಚಿಸುವ ವಿಧಾನಗಳನ್ನೂ ಪಾಲಿಸಬೇಕಾದ ಎಚ್ಚರಿಕೆಗಳನ್ನೂ ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಜಿಮೇಲ್ ಅನ್ನು ಆರಿಸಿಕೊಂಡಿದ್ದರೂ ಬೇರೆ ಇ-ಮೇಲ್ ಸೇವೆಗಳಿಗೂ ಕ್ರಮ ಇದೇ ಆಗಿದೆ.

ಶಾರ್ಟ್‌ಕಟ್ ಎಂದರೇನು?

ಶಾರ್ಟ್‌ಕಟ್ ಎಂಬುದು ಒಂದು ವಿಳಾಸದ ಚೀಟಿ ಮಾತ್ರ. ಪತ್ರಗಳು ಅದರೊಳಗೆ ಇರುವುದಿಲ್ಲ. ಅವು ಇ-ಮೇಲ್ ಸೇವೆ ನೀಡುವ ಸಂಸ್ಥೆಯ ಸರ್ವರ್‌ನಲ್ಲಿ ಇರುತ್ತವೆ. ಪಾಸ್‌ವರ್ಡ್ ಸಹ ಅದರೊಳಗೆ ಇರುವುದಿಲ್ಲ. ಆದ್ದರಿಂದ ಚಿಹ್ನೆಯನ್ನು ಅಳಿಸಿದರೆ ಪತ್ರಗಳು ಅಳಿಯುವುದಿಲ್ಲ. ಆದರೆ ನೀವು ಬ್ರೌಸರ್‌ನಲ್ಲಿ ಒಮ್ಮೆ ಲಾಗಿನ್ ಆಗಿ, ಸೈನ್ ಔಟ್ ಮಾಡದೆ ಬಿಟ್ಟಿದ್ದರೆ, ಆ ಚಿಹ್ನೆಯನ್ನು ಯಾರು ಒತ್ತಿದರೂ ನಿಮ್ಮ ಅಂಚೆಪೆಟ್ಟಿಗೆ ತೆರೆಯುತ್ತದೆ. ಮುಂದಿನ ಎಚ್ಚರಿಕೆಗಳೆಲ್ಲವೂ ಈ ಒಂದು ಅಂಶವನ್ನು ಆಧರಿಸಿವೆ.

ಶಾರ್ಟ್‌ಕಟ್‌ನಿಂದ ವೇಗವಲ್ಲದೆ ಇನ್ನೊಂದು ಪ್ರಯೋಜನವಿದೆ. ಪ್ರತಿ ಸಲ ಹುಡುಕಾಟದ ಪುಟದಲ್ಲಿ ಇ-ಮೇಲ್ ಸೇವೆಯ ಹೆಸರನ್ನು ಬರೆದು ಹುಡುಕುವಾಗ ಅದನ್ನೇ ಹೋಲುವ ನಕಲಿ ಪುಟಕ್ಕೆ ಹೋಗಿ ಪಾಸ್‌ವರ್ಡ್ ನೀಡುವ ಅಪಾಯವಿರುತ್ತದೆ. ಸರಿಯಾದ ವಿಳಾಸದಿಂದ ಒಮ್ಮೆ ರಚಿಸಿದ ಶಾರ್ಟ್‌ಕಟ್ ಪ್ರತಿ ಸಲವೂ ಅದೇ ವಿಳಾಸಕ್ಕೆ ಕೊಂಡೊಯ್ಯುತ್ತದೆ.

ಪೂರ್ವಸಿದ್ಧತೆ

1. ನಿಮ್ಮ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ನಿಮಗೇ ತಿಳಿದಿರಬೇಕು. ಅರ್ಜಿ ತುಂಬುವ ಸಂದರ್ಭದಲ್ಲಿ ಬೇರೆಯವರು ಖಾತೆ ತೆರೆದುಕೊಟ್ಟಿದ್ದರೆ ಮೊದಲು ಪಾಸ್‌ವರ್ಡ್ ಬದಲಾಯಿಸಿ.
2. ಖಾತೆಯ ಮರುಪಡೆಯುವಿಕೆಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವ ನಿಮ್ಮದೇ ಸಂಖ್ಯೆಯಾಗಿರಬೇಕು.
3. ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಅಥವಾ ಪಿನ್ ಅಳವಡಿಸಿರಬೇಕು. ಬೀಗವಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಇ-ಮೇಲ್ ಶಾರ್ಟ್‌ಕಟ್ ಇಡುವುದು ಸೂಕ್ತವಲ್ಲ.
4. ವಿಂಡೋಸ್ 10 ಅಥವಾ 11 ಇರುವುದು ಉತ್ತಮ. ವಿಂಡೋಸ್ 7 ಮತ್ತು 8ರಲ್ಲಿ ಕ್ರೋಮ್ ಬ್ರೌಸರ್‌ಗೆ 2023ರಿಂದ ಹೊಸ ಆವೃತ್ತಿಗಳು ದೊರೆಯುತ್ತಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಸಾಧ್ಯವಿದ್ದಲ್ಲಿ ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳುವುದು ಲೇಸು.

ವಿಧಾನ 1: ಕ್ರೋಮ್ ಬ್ರೌಸರ್ ಮೂಲಕ

1. ಕ್ರೋಮ್ ತೆರೆದು, ಮೇಲಿನ ವಿಳಾಸಪಟ್ಟಿಯಲ್ಲಿ ಮೇಲ್ ಡಾಟ್ ಗೂಗಲ್ ಡಾಟ್ ಕಾಮ್ ಎಂಬ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಬೆರಳಚ್ಚಿಸಿ ಎಂಟರ್ ಒತ್ತಿ. ಲಾಗಿನ್ ಆಗಿ ಒಳಬಂದ ಪತ್ರಗಳ ಪಟ್ಟಿ, ಅಂದರೆ ಇನ್‌ಬಾಕ್ಸ್, ಕಾಣುವವರೆಗೆ ಕಾಯಿರಿ.
2. ಬಲ ಮೇಲ್ತುದಿಯಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ.
3. 'ಕಾಸ್ಟ್, ಸೇವ್ ಆಂಡ್ ಶೇರ್' ಎಂಬಲ್ಲಿಗೆ ಹೋಗಿ 'ಕ್ರಿಯೇಟ್ ಶಾರ್ಟ್‌ಕಟ್' ಆರಿಸಿ.
4. ಹೆಸರಿನ ಪೆಟ್ಟಿಗೆಯಲ್ಲಿ ನಿಮಗೆ ಗುರುತಾಗುವ ಹೆಸರು ಬರೆದು 'ಕ್ರಿಯೇಟ್' ಒತ್ತಿ. ಚಿಹ್ನೆಯು ಡೆಸ್ಕ್‌ಟಾಪ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಅದೇ ಪಟ್ಟಿಯಲ್ಲಿ 'ಇನ್‌ಸ್ಟಾಲ್' ಎಂದು ಆರಂಭವಾಗುವ ಆಯ್ಕೆಯೂ ಇರುತ್ತದೆ. ಅದನ್ನು ಆರಿಸಿದರೆ ಇ-ಮೇಲ್ ಪ್ರತ್ಯೇಕ ಕಿಟಕಿಯಲ್ಲಿ, ಮೊಬೈಲ್ ಆ್ಯಪ್‌ನಂತೆ, ತೆರೆಯುತ್ತದೆ. ಕಂಪ್ಯೂಟರ್ ಬಳಕೆಗೆ ಹೊಸಬರಾದವರಿಗೆ ಇದು ಹೆಚ್ಚು ಅನುಕೂಲಕರ. ಬೇರೆ ಪುಟಗಳ ನಡುವೆ ಇ-ಮೇಲ್ ಕಳೆದುಹೋಗುವುದಿಲ್ಲ.

ವಿಧಾನ 2: ಎಡ್ಜ್ ಬ್ರೌಸರ್ ಮೂಲಕ

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಡ್ಜ್ ಮೊದಲೇ ಇರುತ್ತದೆ. ಇನ್‌ಬಾಕ್ಸ್ ತೆರೆದ ಬಳಿಕ ಮೂರು ಚುಕ್ಕಿಗಳನ್ನು ಒತ್ತಿ, 'ಮೋರ್ ಟೂಲ್ಸ್' ಅಡಿಯಲ್ಲಿ 'ಆ್ಯಪ್ಸ್' ಆರಿಸಿ, 'ಇನ್‌ಸ್ಟಾಲ್ ದಿಸ್ ಸೈಟ್ ಆ್ಯಸ್ ಆ್ಯನ್ ಆ್ಯಪ್' ಎಂಬುದನ್ನು ಒತ್ತಿ. ಕೆಲವು ಆವೃತ್ತಿಗಳಲ್ಲಿ 'ಆ್ಯಪ್ಸ್' ನೇರವಾಗಿ ಮೊದಲ ಪಟ್ಟಿಯಲ್ಲಿಯೇ ಇರುತ್ತದೆ. ನಂತರ ಕೇಳಲಾಗುವ ಆಯ್ಕೆಗಳಲ್ಲಿ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಎಂಬುದರ ಮುಂದೆ ಗುರುತು ಹಾಕಿ.

ವಿಧಾನ 3: ಯಾವುದೇ ಬ್ರೌಸರ್ ಇದ್ದರೂ ಅನ್ವಯಿಸುವ ಕ್ರಮ

1. ಇನ್‌ಬಾಕ್ಸ್ ತೆರೆದು, ವಿಳಾಸಪಟ್ಟಿಯ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ವಿಳಾಸವನ್ನು ನಕಲಿಸಿಕೊಳ್ಳಿ.
2. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ, 'ನ್ಯೂ' ಅಡಿಯಲ್ಲಿ 'ಶಾರ್ಟ್‌ಕಟ್' ಆರಿಸಿ.
3. ತೆರೆದ ಪೆಟ್ಟಿಗೆಯಲ್ಲಿ ಕಂಟ್ರೋಲ್ ಮತ್ತು ವಿ ಒತ್ತಿ ವಿಳಾಸ ಇಳಿಸಿ, 'ನೆಕ್ಸ್ಟ್' ಒತ್ತಿ.
4. ಹೆಸರು ಬರೆದು 'ಫಿನಿಶ್' ಒತ್ತಿ.

ಹೀಗೆ ರಚಿಸಿದ ಶಾರ್ಟ್‌ಕಟ್, ಲ್ಯಾಪ್‌ಟಾಪ್‌ನಲ್ಲಿ ಮೂಲ ಬ್ರೌಸರ್ ಎಂದು ಯಾವುದನ್ನು ನಿಗದಿಪಡಿಸಲಾಗಿದೆಯೋ ಅದರಲ್ಲಿ ತೆರೆಯುತ್ತದೆ. ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್' ತೆರೆದು, 'ಶಾರ್ಟ್‌ಕಟ್ ಕೀ' ಪೆಟ್ಟಿಗೆಯಲ್ಲಿ ಎಂ ಅಕ್ಷರವನ್ನು ಒತ್ತಿದರೆ, ಮುಂದೆ ಕಂಟ್ರೋಲ್, ಆಲ್ಟ್ ಮತ್ತು ಎಂ ಒಟ್ಟಿಗೆ ಒತ್ತಿಯೂ ಇ-ಮೇಲ್ ತೆರೆಯಬಹುದು.

ಇದೇ ಕ್ರಮದಲ್ಲಿ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್, ರೈತರ ನೋಂದಣಿಯ ಫ್ರೂಟ್ಸ್ ಪೋರ್ಟಲ್ ಹಾಗೂ ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯ ಪುಟಗಳಿಗೂ ಒಂದೊಂದು ಚಿಹ್ನೆ ಇರಿಸಿಕೊಳ್ಳಬಹುದು.

ಇಂಟರ್ನೆಟ್ ಇಲ್ಲದಿರುವಾಗ ಓದುವ ವ್ಯವಸ್ಥೆ

ಹೊಲದ ಮನೆಯಲ್ಲಾಗಲಿ, ಕಪ್ಪತಗುಡ್ಡದ ಮಗ್ಗುಲಿನ ಊರುಗಳಲ್ಲಾಗಲಿ ಸಂಪರ್ಕ ಕಡಿದುಹೋಗುತ್ತಿದ್ದರೆ ಜಿಮೇಲ್‌ನ ಆಫ್‌ಲೈನ್ ಸೌಲಭ್ಯವನ್ನು ಬಳಸಿಕೊಳ್ಳಿ. ಇದು ಕ್ರೋಮ್‌ನಲ್ಲಿ ಲಭ್ಯವಿದೆ. ಇನ್‌ಬಾಕ್ಸ್‌ನ ಮೇಲ್ಭಾಗದಲ್ಲಿರುವ ಹಲ್ಲುಚಕ್ರದ ಚಿಹ್ನೆ ಒತ್ತಿ, 'ಸೀ ಆಲ್ ಸೆಟ್ಟಿಂಗ್ಸ್' ತೆರೆದು, 'ಆಫ್‌ಲೈನ್' ವಿಭಾಗದಲ್ಲಿ 'ಎನೇಬಲ್ ಆಫ್‌ಲೈನ್ ಮೇಲ್' ಮುಂದೆ ಗುರುತು ಹಾಕಿ. 7, 30 ಅಥವಾ 90 ದಿನಗಳ ಪತ್ರಗಳನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಬಹುದು. ಕೊನೆಗೆ 'ಸೇವ್ ಚೇಂಜಸ್' ಒತ್ತಲು ಮರೆಯಬಾರದು. ಸಂಪರ್ಕವಿಲ್ಲದಾಗ ಬರೆದು ಕಳುಹಿಸಿದ ಪತ್ರವು ಔಟ್‌ಬಾಕ್ಸ್‌ನಲ್ಲಿದ್ದು, ಸಂಪರ್ಕ ದೊರೆತಾಗ ಹೋಗುತ್ತದೆ. ಆಫ್‌ಲೈನ್ ವ್ಯವಸ್ಥೆಯಲ್ಲಿ ಪತ್ರಗಳ ಪ್ರತಿ ಲ್ಯಾಪ್‌ಟಾಪ್‌ನಲ್ಲಿಯೇ ಉಳಿಯುವುದರಿಂದ ಇದನ್ನು ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಅಳವಡಿಸಬೇಕು.

ಹಂಚಿಕೊಂಡು ಬಳಸುವ ಲ್ಯಾಪ್‌ಟಾಪ್‌ಗಳಲ್ಲಿ ಎಚ್ಚರಿಕೆ

• ಮನೆಯಲ್ಲಿ ಹಲವರು ಒಂದೇ ಲ್ಯಾಪ್‌ಟಾಪ್ ಬಳಸುತ್ತಿದ್ದರೆ ಪ್ರತಿಯೊಬ್ಬರಿಗೂ ವಿಂಡೋಸ್‌ನಲ್ಲಿ ಪ್ರತ್ಯೇಕ ಬಳಕೆದಾರ ಖಾತೆ ತೆರೆಯಿರಿ. ಆಗ ಒಬ್ಬರ ಶಾರ್ಟ್‌ಕಟ್ ಇನ್ನೊಬ್ಬರ ಪರದೆಯಲ್ಲಿ ಬರುವುದಿಲ್ಲ.
• ರೈತ ಉತ್ಪಾದಕ ಸಂಸ್ಥೆ ಅಥವಾ ಸಹಕಾರ ಸಂಘದ ಕಚೇರಿಯಲ್ಲಿ ಸಂಸ್ಥೆಯ ಇ-ಮೇಲ್ ಮತ್ತು ಸಿಬ್ಬಂದಿಯ ಸ್ವಂತ ಇ-ಮೇಲ್ ಬೆರೆಯಬಾರದು. ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ರಚಿಸಿ, ಒಂದೊಂದರಿಂದಲೂ ಬೇರೆ ಬೇರೆ ಶಾರ್ಟ್‌ಕಟ್ ಮಾಡಿಕೊಳ್ಳಿ. ಸಿಬ್ಬಂದಿ ಬದಲಾದ ದಿನವೇ ಪಾಸ್‌ವರ್ಡ್ ಬದಲಾಯಿಸಿ.
• ಸೇವಾ ಕೇಂದ್ರ ಅಥವಾ ಅಂಗಡಿಯ ಕಂಪ್ಯೂಟರ್‌ನಲ್ಲಿ ಶಾರ್ಟ್‌ಕಟ್ ರಚಿಸಬೇಡಿ. ಅನಿವಾರ್ಯವಾದಲ್ಲಿ ಕ್ರೋಮ್‌ನ ಗೆಸ್ಟ್ ಕಿಟಕಿಯಲ್ಲಿ ಇ-ಮೇಲ್ ತೆರೆದು, ಕೆಲಸ ಮುಗಿದೊಡನೆ ಸೈನ್ ಔಟ್ ಮಾಡಿ, ಇಳಿಸಿಕೊಂಡ ಕಡತಗಳನ್ನು ಅಳಿಸಿ.
• ಬೇರೆ ಕಡೆ ಸೈನ್ ಔಟ್ ಮಾಡಲು ಮರೆತಿದ್ದರೆ, ಮನೆಯಿಂದಲೇ ಗೂಗಲ್ ಖಾತೆಯ 'ಸೆಕ್ಯುರಿಟಿ' ವಿಭಾಗದಲ್ಲಿ 'ಯುವರ್ ಡಿವೈಸಸ್' ಪಟ್ಟಿಯನ್ನು ತೆರೆದು, ಆ ಕಂಪ್ಯೂಟರ್ ಆರಿಸಿ ಸೈನ್ ಔಟ್ ಮಾಡಬಹುದು.
• ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಿ. ಮೊಬೈಲ್‌ಗೆ ಬಂದ ಓಟಿಪಿಯನ್ನು ಯಾರಿಗೂ ತಿಳಿಸಬಾರದು.

ಮೋಸದ ಪತ್ರಗಳನ್ನು ಗುರುತಿಸುವುದು

ಶಾರ್ಟ್‌ಕಟ್ ನಿಮ್ಮನ್ನು ಸರಿಯಾದ ಅಂಚೆಪೆಟ್ಟಿಗೆಗೆ ಕೊಂಡೊಯ್ಯುತ್ತದೆಯೇ ಹೊರತು ಒಳಗಿರುವ ಪತ್ರಗಳೆಲ್ಲ ಸಾಚಾ ಎಂದು ಖಾತರಿ ನೀಡುವುದಿಲ್ಲ. ಸಹಾಯಧನ ಮಂಜೂರಾಗಿದೆ, ಪಿಎಂ ಕಿಸಾನ್ ಕಂತು ತಡೆಹಿಡಿಯಲಾಗಿದೆ, ಖಾತೆ ಇಂದೇ ಸ್ಥಗಿತಗೊಳ್ಳಲಿದೆ ಎಂದು ಅವಸರಪಡಿಸುವ ಪತ್ರಗಳಲ್ಲಿನ ಕೊಂಡಿಯನ್ನು ಒತ್ತಬೇಡಿ, ಲಗತ್ತನ್ನು ತೆರೆಯಬೇಡಿ. ಕಳುಹಿಸಿದವರ ಹೆಸರನ್ನಷ್ಟೇ ಅಲ್ಲದೆ ಪೂರ್ಣ ವಿಳಾಸವನ್ನು ಓದಿ ನೋಡಿ. ಸಂಶಯವಿದ್ದಲ್ಲಿ ರೈತ ಸಂಪರ್ಕ ಕೇಂದ್ರ ಅಥವಾ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ. ಹಣ ಕಳೆದುಕೊಂಡಲ್ಲಿ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗಮನದಲ್ಲಿಡಬೇಕಾದ ಮಿತಿಗಳು

ಜಿಮೇಲ್‌ನಲ್ಲಿ ಒಂದು ಪತ್ರದೊಂದಿಗೆ 25 ಎಂಬಿವರೆಗಿನ ಕಡತಗಳನ್ನು ಮಾತ್ರ ಲಗತ್ತಿಸಬಹುದು. ಉಚಿತ ಸಂಗ್ರಹಣೆ 15 ಜಿಬಿ ಆಗಿದ್ದು, ಡ್ರೈವ್ ಮತ್ತು ಫೋಟೋಸ್ ಕೂಡ ಇದರಲ್ಲಿಯೇ ಸೇರಿವೆ. ಜಾಗ ತುಂಬಿದರೆ ಹೊಸ ಪತ್ರಗಳು ಬರುವುದು ನಿಲ್ಲುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದು.

ಬೆಳೆ ವಿಮೆಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಆಲಿಕಲ್ಲು ಮಳೆ, ಜಲಾವೃತ ಮೊದಲಾದ ಸ್ಥಳೀಯ ವಿಕೋಪದಿಂದ ಹಾನಿಯಾದಾಗ 72 ಗಂಟೆಗಳೊಳಗೆ ಮಾಹಿತಿ ನೀಡಬೇಕಾಗುತ್ತದೆ. ಕಟಾವಾಗಿ ಹೊಲದಲ್ಲಿ ಒಣಗಲು ಹಾಕಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕಾಗಲೂ ಇದು ಅನ್ವಯಿಸುತ್ತದೆ. ಇದಕ್ಕೆ ಇ-ಮೇಲ್ ಒಂದನ್ನೇ ನಂಬಿ ಕೂರದೆ ಸಹಾಯವಾಣಿ 14447ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಹೊಲದ ಛಾಯಾಚಿತ್ರ ಮತ್ತು ದೂರಿನ ಸಂಖ್ಯೆಯನ್ನು ನಿಮ್ಮದೇ ಇ-ಮೇಲ್ ವಿಳಾಸಕ್ಕೆ ಕಳುಹಿಸಿಟ್ಟುಕೊಂಡರೆ ದಿನಾಂಕ ಸಹಿತ ದಾಖಲೆ ಉಳಿಯುತ್ತದೆ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ತೊಂದರೆ: ಚಿಹ್ನೆ ಒತ್ತಿದರೆ ಬೇರೊಬ್ಬರ ಇ-ಮೇಲ್ ತೆರೆಯುತ್ತದೆ.
ಪರಿಹಾರ: ಒಂದೇ ಬ್ರೌಸರ್‌ನಲ್ಲಿ ಹಲವು ಖಾತೆಗಳಿದ್ದಾಗ ಲಾಗಿನ್ ಆದ ಕ್ರಮದಂತೆ ಅವು ತೆರೆಯುತ್ತವೆ. ಪ್ರತ್ಯೇಕ ಪ್ರೊಫೈಲ್ ರಚಿಸಿ ಶಾರ್ಟ್‌ಕಟ್ ಮತ್ತೆ ಮಾಡಿ.

ತೊಂದರೆ: ಪ್ರತಿ ಸಲವೂ ಪಾಸ್‌ವರ್ಡ್ ಕೇಳುತ್ತದೆ.
ಪರಿಹಾರ: ಬ್ರೌಸರ್ ಮುಚ್ಚಿದಾಗ ಕುಕಿಗಳನ್ನು ಅಳಿಸುವ ವ್ಯವಸ್ಥೆ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಪರಿಶೀಲಿಸಿ. ಹಂಚಿಕೊಂಡು ಬಳಸುವ ಲ್ಯಾಪ್‌ಟಾಪ್ ಆದರೆ ಹಾಗೆಯೇ ಇರಲಿ, ಅದೇ ಕ್ಷೇಮ.

ತೊಂದರೆ: ಚಿಹ್ನೆ ಒತ್ತಿದರೆ ಯಾವಾಗಲೂ ಒಂದೇ ಹಳೆಯ ಪತ್ರ ತೆರೆಯುತ್ತದೆ.
ಪರಿಹಾರ: ಶಾರ್ಟ್‌ಕಟ್ ರಚಿಸುವಾಗ ಆ ಪತ್ರ ತೆರೆದಿತ್ತು. ಅಳಿಸಿ, ಇನ್‌ಬಾಕ್ಸ್ ಪಟ್ಟಿಯಲ್ಲಿದ್ದಾಗ ಮತ್ತೆ ರಚಿಸಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ರೈತರಿಗೆ ಶಾರ್ಟ್‌ಕಟ್ ಅಳವಡಿಸಿಕೊಡುವಾಗ ಕೀಲಿಮಣೆಯನ್ನು ರೈತರ ಅಥವಾ ಅವರ ಮನೆಯವರ ಕೈಗೇ ಕೊಟ್ಟು ಹಂತಗಳನ್ನು ಹೇಳಿಕೊಡಬೇಕು. ಪಾಸ್‌ವರ್ಡ್ ಬರೆಯುವಾಗ ಪರದೆಯಿಂದ ಮುಖ ತಿರುಗಿಸಬೇಕು, ಅದನ್ನು ಬರೆದಿಟ್ಟುಕೊಳ್ಳಬಾರದು. ಕೊನೆಯಲ್ಲಿ ಒಂದು ಪರೀಕ್ಷಾ ಪತ್ರ ಕಳುಹಿಸಿ, ರೈತರೇ ಚಿಹ್ನೆ ಒತ್ತಿ ಅದನ್ನು ಓದಿ, ಉತ್ತರ ಬರೆದು, ಸೈನ್ ಔಟ್ ಮಾಡುವವರೆಗೆ ಜೊತೆಗಿದ್ದರೆ ತರಬೇತಿ ಪೂರ್ಣವಾದಂತೆ.

ಹೆಚ್ಚಿನ ಕೃಷಿ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551 ಸಂಪರ್ಕಿಸಬಹುದು.