ಹೆಸರು ಬದಲಿಸಿದರೆ ರೋಗಿಯ ಗುರುತು ಮರೆಯಾಗುತ್ತದೆಯೇ?

ನಂಬಿಕೆ: ರೋಗಿಯ ಕಥೆ ಬರೆಯುವಾಗ ಹೆಸರು ಬಿಟ್ಟರೆ ಅಥವಾ ಬದಲಿಸಿದರೆ ಸಾಕು.

ವಾಸ್ತವ: ಸಾಲದು. ಊರು, ವಯಸ್ಸು, ಕಾಯಿಲೆ, ದಿನಾಂಕ ಒಟ್ಟಿಗೆ ಸಿಕ್ಕರೆ ಹೆಸರಿನ ಅಗತ್ಯವೇ ಇರುವುದಿಲ್ಲ.

ಇದು ಯಾರಿಗೆ ಮುಖ್ಯ?

ನಮ್ಮಲ್ಲಿ ಎಂಬಿಬಿಎಸ್ ಸೀಟಿಗೆ ನೀಟ್ ಅಂಕ ಸಾಕು, ಪ್ರಬಂಧ ಬೇಕಿಲ್ಲ. ಆದರೆ ಅಮೆರಿಕದ ಬಹುಪಾಲು ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕುವವರು ವೈದ್ಯರಾಗಲು ಬಯಸುವುದೇಕೆ ಎಂದು 5,300 ಅಕ್ಷರಗಳ ಮಿತಿಯಲ್ಲಿ ಬರೆಯಬೇಕು. ಅಲ್ಲಿ ಬೆಳೆದು, ರಜೆಯಲ್ಲಿ ಊರಿಗೆ ಬಂದಾಗ ಆಸ್ಪತ್ರೆಯಲ್ಲಿ ಕಂಡದ್ದನ್ನು ಬರೆಯುವ ಮಕ್ಕಳಿದ್ದಾರೆ. ‘ಹೇಗಿದೆ ನೋಡಿ’ ಎಂದು ಆ ಬರಹ ಫ್ಯಾಮಿಲಿ ಗ್ರೂಪಿಗೂ ಬರುತ್ತದೆ.

ಒಂದು ಕಲ್ಪಿತ ಉದಾಹರಣೆ: ‘ವಾಮಂಜೂರಿನ 62 ವರ್ಷದ ಬೀಡಿ ಕಟ್ಟುವ ಮಹಿಳೆ. ಮಗ ದುಬೈಯಲ್ಲಿ. ಕಳೆದ ಮೇ ತಿಂಗಳಲ್ಲಿ ಬಾಯಿ ಕ್ಯಾನ್ಸರ್ ಎಂದು ತಿಳಿದಾಗ ಒಬ್ಬರೇ ಅಳುತ್ತಿದ್ದರು.’ ಬಾಸ್ಟನ್‌ನಲ್ಲಿ ಇದನ್ನು ಓದುವ ಪ್ರಾಧ್ಯಾಪಕರಿಗೆ ಆಕೆ ಯಾರೆಂದು ತಿಳಿಯದು. ವಾಮಂಜೂರಿನ ಗ್ರೂಪಿಗೆ ಬಂದರೆ ಅರ್ಧ ಗಂಟೆಯಲ್ಲಿ ಮನೆ ಯಾವುದೆಂದು ಗೊತ್ತಾಗುತ್ತದೆ. ಆಕೆ ಕಾಯಿಲೆಯನ್ನು ಮಗನಿಗೇ ಹೇಳಿರದಿದ್ದರೆ?

ಗುರುತು ಸಿಗುವುದು ಹೇಗೆ?

ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 2000ರಲ್ಲಿ ತೋರಿಸಿದ ಲೆಕ್ಕ ಪ್ರಸಿದ್ಧ. ಜನ್ಮದಿನಾಂಕ, ಲಿಂಗ, ಅಂಚೆ ಕೋಡ್ ಈ ಮೂರೇ ಇದ್ದರೆ ಅಲ್ಲಿನ ಸುಮಾರು ಶೇ 87 ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು. ನಮಗೂ ಇದು ಹೊಸದಲ್ಲ. 2020ರಲ್ಲಿ ರಾಜ್ಯದ ಕೋವಿಡ್ ಬುಲೆಟಿನ್‌ನಲ್ಲಿ ಹೆಸರಿರಲಿಲ್ಲ. ರೋಗಿಯ ಸಂಖ್ಯೆ, ವಯಸ್ಸು, ಲಿಂಗ, ಊರು ಇರುತ್ತಿತ್ತು. ಸಣ್ಣ ಊರಿನಲ್ಲಿ ಅಷ್ಟೇ ಸಾಕಾಗುತ್ತಿತ್ತು.

ಕಾನೂನು ಏನು ಹೇಳುತ್ತದೆ?

• ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.
• ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ, ಗುರುತು ಸಿಗುವಂತೆ ರೋಗಿಯ ಫೋಟೊ ಅಥವಾ ವಿವರವನ್ನು ವೈದ್ಯರು ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ.
• ನಂಬಿಕೆಯಿಂದ ಹೇಳಿಕೊಂಡ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿಷೇಧಿಸುತ್ತದೆ. ಇದು ವೈದ್ಯರಿಗಷ್ಟೇ ಸೀಮಿತವಲ್ಲ.

ಹಾಗಾದರೆ ಬರೆಯುವುದು ಹೇಗೆ?

• ಊರು, ಆಸ್ಪತ್ರೆ, ನಿಖರ ವಯಸ್ಸು, ದಿನಾಂಕ, ಉದ್ಯೋಗ, ಜಾತಿ, ಧರ್ಮ, ಕುಟುಂಬದ ವಿವರ ತೆಗೆಯಿರಿ. ‘ಒಬ್ಬ ಹಿರಿಯ ರೋಗಿ’ ಎಂದರೆ ಸಾಕು.
• ಅಪರೂಪದ ಕಾಯಿಲೆಯ ಹೆಸರೇ ಗುರುತಾಗಬಹುದು. ‘ದೀರ್ಘಕಾಲದ ಕಾಯಿಲೆ’ ಎಂದು ಬರೆಯಿರಿ.
• ಸುಳ್ಳು ವಿವರ ಸೇರಿಸಬೇಡಿ. ಸಂದರ್ಶನದಲ್ಲಿ ಅದರ ಬಗ್ಗೆಯೇ ಪ್ರಶ್ನೆ ಬರಬಹುದು. ಬದಲಿಸುವುದಕ್ಕಿಂತ ಬಿಡುವುದು ಒಳ್ಳೆಯದು.
• ಗುರುತಿಸಬಲ್ಲ ವಿವರ ಬೇಕೇ ಬೇಕೆಂದರೆ ರೋಗಿಯ ಒಪ್ಪಿಗೆಯೂ ಆಸ್ಪತ್ರೆಯ ಅನುಮತಿಯೂ ಇರಲಿ. ಹಾಸಿಗೆಯಲ್ಲಿ ಮಲಗಿದವರಿಗೆ ಬಿಳಿ ಕೋಟಿನವರ ಮುಂದೆ ‘ಬೇಡ’ ಎನ್ನುವುದು ಕಷ್ಟ. ನಿರಾಕರಿಸಿದರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂದು ಮೊದಲೇ ತಿಳಿಸಿ.
• ಎಕ್ಸ್‌ರೇ, ರಿಪೋರ್ಟ್‌ಗಳ ಮೂಲೆಯಲ್ಲಿ ಹೆಸರು, ಆಸ್ಪತ್ರೆ ಸಂಖ್ಯೆ ಇರುತ್ತದೆ. ಅವುಗಳ ಫೋಟೊ ತೆಗೆಯಬೇಡಿ.
• ತಿದ್ದಿಸಲು ಗ್ರೂಪಿಗೋ ಚಾಟ್‌ಬಾಟ್‌ಗೋ ಹಾಕುವ ಮೊದಲೇ ಈ ಕೆಲಸ ಮುಗಿಸಿ.

ಇಷ್ಟೆಲ್ಲ ತೆಗೆದರೆ ಪ್ರಬಂಧ ಸಪ್ಪೆಯಾಗುವುದಿಲ್ಲವೇ? ಇಲ್ಲ. ಆಯ್ಕೆ ಸಮಿತಿ ಆರಿಸುವುದು ನಿಮ್ಮನ್ನು, ರೋಗಿಯನ್ನಲ್ಲ. ನೀವು ಏನು ಕಂಡಿರಿ, ಏನು ಮಾಡಿದಿರಿ, ಏನು ಕಲಿತಿರಿ ಎಂಬುದಕ್ಕೆ ಊರಿನ ಹೆಸರು ಬೇಕಿಲ್ಲ.

ಕಳುಹಿಸುವ ಮುನ್ನ ಒಂದೇ ಪರೀಕ್ಷೆ: ಆ ರೋಗಿಯ ಪಕ್ಕದ ಮನೆಯವರು ಇದನ್ನು ಓದಿದರೆ ‘ಓ, ಅವರಾ?’ ಎನ್ನುತ್ತಾರೆಯೇ? ಹೌದು ಎಂದಾದರೆ ಇನ್ನೂ ತೆಗೆಯುವುದಿದೆ. ಗ್ರೂಪಿಗೆ ಬರುವ ‘ಈ ಬಡ ರೋಗಿಗಾಗಿ ಪ್ರಾರ್ಥಿಸಿ’ ಎಂಬ ಫೋಟೊಗಳನ್ನು ಫಾರ್ವರ್ಡ್ ಮಾಡುವಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಿ.